ಹಸುಗೂಸಿಗೆ ಹಾಲು ಆಗದಿದ್ದರೆ: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು

"ಮಗುವಿನ ಕಕ್ಕದಲ್ಲಿ ರಕ್ತದ ಎಳೆ ಕಾಣಿಸಿತು. ಡಾಕ್ಟರು ಹಾಲಿನ ಅಲರ್ಜಿ ಇರಬಹುದು ಅಂದರು. ಇನ್ನು ಎದೆಹಾಲು ಕೊಡೋದು ಬಿಡಬೇಕಾ?" ಕೋಲಾರ, ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬಿಡಬೇಡಿ. ಎದೆಹಾಲು ಮುಂದುವರಿಸಿ. ತಾಯಿಯ ಊಟದಿಂದ ಒಂದೇ ಒಂದು ಪದಾರ್ಥ ತೆಗೆಯಿರಿ, ಅದೂ ಇಷ್ಟು ದಿನ ಅಂತ ಗೊತ್ತುಮಾಡಿಕೊಂಡು. ಆಮೇಲೆ ಅದನ್ನು ಮತ್ತೆ ತಿಂದು ನೋಡಿ. ಈ ಲೇಖನ ಇಷ್ಟನ್ನೇ ವಿವರವಾಗಿ ಹೇಳುತ್ತದೆ.

ನಮ್ಮ ಕಡೆ ಹಾಲೇ ಬದುಕು. ಬೆಳಗ್ಗೆ ಎದ್ದರೆ ಸೀಮೆಹಸು ಕರೆದು ಡೇರಿಗೆ ಹಾಲು ಹಾಕಬೇಕು. ಅಂಥ ಮನೆಯಲ್ಲಿ "ಮಗುವಿಗೆ ಹಾಲು ಆಗಲ್ಲ" ಅಂದರೆ ಯಾರೂ ಒಪ್ಪುವುದಿಲ್ಲ. ಒಪ್ಪಿದ ಮೇಲೆ ಇನ್ನೊಂದು ಕಷ್ಟ. ಹಾಲು, ಮೊಟ್ಟೆ, ಗೋಧಿ, ಬೇಳೆ, ಬದನೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಬಾಣಂತಿಗೆ ಬರೀ ಅನ್ನ, ಮೆಣಸಿನ ಸಾರು ಬಡಿಸುತ್ತಾರೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಜಾಸ್ತಿ ಕೆಡುಕು ಮಾಡುತ್ತದೆ.

ಮೊದಲು ಒಂದಿಷ್ಟು ತಿಳಿದುಕೊಳ್ಳಿ

ಅಲರ್ಜಿ ಅಂದರೆ ಆಹಾರದಲ್ಲಿರುವ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರು ಅಂತ ತಿಳಿದು ಅದರ ಮೇಲೆ ಬೀಳುವುದು. ಹಸುಗೂಸುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ. ಇದು ಎರಡು ಬಗೆ.

ಒಂದು ತಕ್ಷಣದ್ದು. ಹಾಲು ಹೊಟ್ಟೆಗೆ ಹೋದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತದ ಗಂಧೆ ಏಳುತ್ತದೆ, ತುಟಿ-ಕಣ್ಣು ಊದುತ್ತದೆ, ವಾಂತಿ ಆಗುತ್ತದೆ. ಕೆಲವರಿಗೆ ಉಸಿರು ಕಟ್ಟುತ್ತದೆ. ಇನ್ನೊಂದು ನಿಧಾನದ್ದು. ಕೆಲವು ಗಂಟೆಗಳಿಂದ ಕೆಲವು ದಿನಗಳ ಮೇಲೆ ಹೊಟ್ಟೆ-ಕರುಳಿನಲ್ಲಿ ತೊಂದರೆ ಕಾಣಿಸುತ್ತದೆ. ಈ ಲೇಖನ ಮುಖ್ಯವಾಗಿ ಎರಡನೆಯದರ ಬಗ್ಗೆ. ಅದರಲ್ಲಿ ಮೂರು ರೂಪಗಳನ್ನು ಗುರುತಿಟ್ಟುಕೊಳ್ಳಿ:

ದೊಡ್ಡ ಕರುಳಿನ ಕೊನೆಯ ಭಾಗ ಕೆರಳುವುದು. ಹುಟ್ಟಿದ ಕೆಲವು ವಾರಗಳಿಂದ ಆರು ತಿಂಗಳೊಳಗೆ ಶುರುವಾಗುತ್ತದೆ. ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ನಗುತ್ತದೆ, ತೂಕವೂ ಏರುತ್ತದೆ. ಕಕ್ಕದಲ್ಲಿ ಮಾತ್ರ ಲೋಳೆ, ಅದರಲ್ಲಿ ದಾರದಂತೆ ಕೆಂಪು ಎಳೆ. ಬರೀ ಎದೆಹಾಲು ಕುಡಿಯುವ ಮಕ್ಕಳಲ್ಲೂ ಇದು ಬರುತ್ತದೆ. ತಾಯಿ ಕುಡಿದ ಹಾಲಿನ ಪ್ರೋಟೀನು ಬಲು ಸಣ್ಣ ಪ್ರಮಾಣದಲ್ಲಿ ಎದೆಹಾಲಿಗೆ ಸೇರುವುದೇ ಕಾರಣ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಮೂರರಲ್ಲಿ ಇದೇ ಸೌಮ್ಯವಾದದ್ದು.

ಎಫ್‌ಪೈಸ್. ಆಹಾರದ ಪ್ರೋಟೀನಿನಿಂದ ಇಡೀ ಕರುಳು ಒಮ್ಮೆಲೇ ಕೆರಳುವ ಸ್ಥಿತಿಗೆ ವೈದ್ಯರು ಹೇಳುವ ಚಿಕ್ಕ ಹೆಸರು ಇದು. ತಿಂದ ಒಂದರಿಂದ ನಾಲ್ಕು ಗಂಟೆಯೊಳಗೆ ಮಗು ಮೇಲಿಂದ ಮೇಲೆ ವಾಂತಿ ಮಾಡುತ್ತದೆ, ಬಿಳುಚಿಕೊಳ್ಳುತ್ತದೆ, ಕೈಕಾಲು ಜೋತುಬೀಳುತ್ತವೆ. ಕೆಲವು ಗಂಟೆ ಕಳೆದು ಭೇದಿ ಆಗಬಹುದು. ಹಸುವಿನ ಹಾಲು, ಸೋಯಾ, ಅಕ್ಕಿ, ಓಟ್ಸ್, ಮೊಟ್ಟೆ, ಮೀನು ಇದಕ್ಕೆ ಕಾರಣವಾಗುತ್ತವೆ. ಹೌದು, ಅಕ್ಕಿಯೂ. ಇದನ್ನು ಹೊಟ್ಟೆಯ ಸೋಂಕು ಅಂತ ತಿಳಿದು ಕೈಬಿಡುವುದೇ ಹೆಚ್ಚು. ಅದೇ ಆಹಾರ ಕೊಟ್ಟಾಗಲೆಲ್ಲ ಹೀಗೇ ಆದರೆ ಅನುಮಾನ ಪಡಿ.

ಮೂರನೆಯದು ಸಣ್ಣ ಕರುಳಿನ ಒಳಪದರ ಸವೆಯುವುದು. ವಾರಗಟ್ಟಲೆ ಭೇದಿ, ಹೊಟ್ಟೆ ಉಬ್ಬರ, ತೂಕ ಏರದಿರುವುದು ಇದರ ಲಕ್ಷಣ. ಇದನ್ನು ಮನೆಯಲ್ಲಿ ನೋಡಿಕೊಳ್ಳುವ ಮಾತೇ ಇಲ್ಲ, ತಜ್ಞರ ಹತ್ತಿರ ಹೋಗಬೇಕು.

ಲ್ಯಾಕ್ಟೋಸ್ ತೊಂದರೆ ಬೇರೆ. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ. ಜೋರು ಭೇದಿ ಆದ ಮೇಲೆ ಕೆಲವು ಮಕ್ಕಳಿಗೆ ಸ್ವಲ್ಪ ದಿನ ಅದು ಜೀರ್ಣ ಆಗುವುದಿಲ್ಲ, ನೊರೆನೊರೆ ಭೇದಿ ಆಗಿ ಕುಂಡಿ ಕೆಂಪಾಗುತ್ತದೆ, ಆಮೇಲೆ ಸರಿಹೋಗುತ್ತದೆ. ಲ್ಯಾಕ್ಟೋಸ್ ಇಲ್ಲದ ಹಾಲಿನ ಪುಡಿಯಲ್ಲೂ ಹಾಲಿನ ಪ್ರೋಟೀನು ಇದ್ದೇ ಇರುತ್ತದೆ. ಆದ್ದರಿಂದ ಅಲರ್ಜಿಗೆ ಅದು ಕೆಲಸಕ್ಕೆ ಬರುವುದಿಲ್ಲ.

ಹಂತ 1: ಇವತ್ತೇ ಆಸ್ಪತ್ರೆಗೆ ಹೋಗಬೇಕಾ ಅಂತ ನೋಡಿ

ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ:

- ಹಸಿರು ಅಥವಾ ರಕ್ತ ಬೆರೆತ ವಾಂತಿ
- ಬಿಟ್ಟು ಬಿಟ್ಟು ಕಿರುಚಿ ಅಳುವುದು, ಜೊತೆಗೆ ಕೆಂಪು ಜೆಲ್ಲಿಯಂಥ ಕಕ್ಕ. ಕರುಳಿನೊಳಗೆ ಕರುಳು ತೂರಿ ಸಿಕ್ಕಿಕೊಂಡಿರಬಹುದು
- ಹೊಟ್ಟೆ ಗಟ್ಟಿಯಾಗಿ ಉಬ್ಬಿರುವುದು
- ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ
- ಮಗು ಬಿಳುಚಿ, ಜೋತುಬಿದ್ದು, ಎಬ್ಬಿಸಿದರೂ ಏಳದಿರುವುದು
- ಉಚ್ಚೆ ಕಡಿಮೆಯಾಗಿ, ನೆತ್ತಿ ಗುಳಿ ಬಿದ್ದಿರುವುದು
- ಉಸಿರಾಟದ ತೊಂದರೆ, ಮುಖ-ನಾಲಿಗೆ ಊತ
- ರಕ್ತ ಎಳೆಯಷ್ಟಲ್ಲ, ಜಾಸ್ತಿ ಹೋಗುತ್ತಿರುವುದು

ಹಂತ 2: ಕೆಂಪು ಕಂಡಿದ್ದೆಲ್ಲ ಅಲರ್ಜಿ ಅಲ್ಲ

ಗಟ್ಟಿ ಕಕ್ಕ ಹೋಗಿ ಮಲದ್ವಾರದಲ್ಲಿ ಸಣ್ಣ ಸೀಳು ಬಿದ್ದರೂ ರಕ್ತ ಬರುತ್ತದೆ. ಅದು ಕಕ್ಕದ ಮೇಲ್ಭಾಗಕ್ಕೆ ಅಂಟಿರುತ್ತದೆ, ಒಳಗೆ ಬೆರೆತಿರುವುದಿಲ್ಲ. ತಾಯಿಯ ಮೊಲೆತೊಟ್ಟು ಬಿರುಕು ಬಿಟ್ಟಿದ್ದರೆ ಮಗು ಆ ರಕ್ತವನ್ನೇ ನುಂಗಿರಬಹುದು. ಹುಟ್ಟಿದ ಮೊದಲ ವಾರಗಳಲ್ಲಿ ವಿಟಮಿನ್ ಕೆ ಕೊರತೆಯಿಂದಲೂ ರಕ್ತ ಹೋಗುತ್ತದೆ. ಆದ್ದರಿಂದ ಹೆರಿಗೆಯಾದಾಗ ಮಗುವಿಗೆ ಆ ಇಂಜೆಕ್ಷನ್ ಕೊಟ್ಟಿದ್ದರೋ ಇಲ್ಲವೋ ತಾಯಿ ಕಾರ್ಡಿನಲ್ಲಿ ನೋಡಿ. ರಕ್ತ ಎಷ್ಟೇ ಕಡಿಮೆ ಇದ್ದರೂ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು.

ಬರೀ ಅಳು ಅಲರ್ಜಿ ಅಲ್ಲ. ಸಂಜೆಯ ಅಳು ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು-ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಹಾಲು ಕುಡಿದು ಸ್ವಲ್ಪ ಕಕ್ಕುವುದೂ ಸಹಜ. ಎದೆಹಾಲು ಕುಡಿಯುವ ಮಗು ದಿನಕ್ಕೆ ಎಂಟು ಸಲ ಹೋಗಬಹುದು, ಐದಾರು ದಿನಕ್ಕೊಮ್ಮೆಯೂ ಹೋಗಬಹುದು. ಆಗಾಗ ಹಸಿರಾಗಿ ಹೋದರೆ ಗಾಬರಿ ಬೇಡ.

ಹಂತ 3: ಬರೆದಿಡಿ, ತೂಕ ನೋಡಿ

ಒಂದು ಹಳೇ ನೋಟ್‌ಬುಕ್ ಸಾಕು. ತಾಯಿ ಏನು ತಿಂದಳು, ಮಗು ಯಾವಾಗ ಕುಡಿಯಿತು, ಯಾವಾಗ ವಾಂತಿ, ಕಕ್ಕ ಹೇಗಿತ್ತು, ಮೈಮೇಲೆ ದದ್ದು ಇತ್ತಾ, ಎಲ್ಲವನ್ನೂ ಹೊತ್ತಿನ ಸಮೇತ ಬರೆಯಿರಿ. ರಕ್ತ ಕಂಡ ಬಟ್ಟೆಯ ಫೋಟೋ ಫೋನಿನಲ್ಲಿ ತೆಗೆದಿಡಿ. ವೈದ್ಯರ ಮುಂದೆ ಹತ್ತು ಮಾತಿಗಿಂತ ಆ ಒಂದು ಫೋಟೋ ಹೆಚ್ಚು ಹೇಳುತ್ತದೆ.

ಮಗುವಿನ ತೂಕವನ್ನು ಅಂಗನವಾಡಿಯಲ್ಲಿ ಒಂದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು ನೋಡಿಸಿ. ತಾಯಿ ಕಾರ್ಡಿನ ಬೆಳವಣಿಗೆ ಗೆರೆಯ ಮೇಲೆ ಗುರುತು ಹಾಕಿಸಿ. ಗೆರೆ ಮೇಲೇರುತ್ತಿದ್ದರೆ ನಿಮಗೆ ಸಮಯ ಇದೆ. ಮಟ್ಟಸವಾಗಿದ್ದರೆ ಅಥವಾ ಇಳಿಯುತ್ತಿದ್ದರೆ ಕೆಳಗಿನ ಹಂತಗಳನ್ನು ನೀವೇ ಮಾಡುತ್ತ ಕೂರಬೇಡಿ.

ಹಂತ 4: ಸರಿಯಾದವರಿಗೆ ತೋರಿಸಿ

ಮೊದಲು ನಿಮ್ಮ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರು. ಕೋಲಾರದವರಿಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ತೂಕ ಏರದಿದ್ದರೆ, ಎಫ್‌ಪೈಸ್ ಅನುಮಾನ ಇದ್ದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಬರೆದುಕೊಡಿ ಅಂತ ಕೇಳಿ.

ಇಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಾರೆ. ನಿಧಾನದ ಅಲರ್ಜಿಯನ್ನು ರಕ್ತ ಪರೀಕ್ಷೆಯಾಗಲಿ, ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ ಹಿಡಿಯುವುದಿಲ್ಲ. ಅವು ತಕ್ಷಣದ ಅಲರ್ಜಿಗೆ ಮಾತ್ರ. ನೂರಾರು ಆಹಾರಗಳ ಪಟ್ಟಿ ಕೊಡುವ ಐಜಿಜಿ ಪರೀಕ್ಷೆ ಅಂತೂ ಬೇಡವೇ ಬೇಡ. ನಿಧಾನದ ಅಲರ್ಜಿಗೆ ನಂಬಬಹುದಾದ ಪರೀಕ್ಷೆ ಒಂದೇ: ಆಹಾರ ತೆಗೆದು ನೋಡುವುದು, ಮತ್ತೆ ಕೊಟ್ಟು ನೋಡುವುದು.

ಹಂತ 5: ತಾಯಿಯ ಊಟದಿಂದ ಹಾಲು ತೆಗೆಯುವುದು

ಮಗು ಚೆನ್ನಾಗಿದ್ದು, ಅಪರೂಪಕ್ಕೆ ಒಂದು ಎಳೆ ರಕ್ತ ಕಂಡರೆ ಕೆಲವು ವೈದ್ಯರು ಸ್ವಲ್ಪ ದಿನ ಕಾದು ನೋಡಿ ಅನ್ನುತ್ತಾರೆ. ಅದೂ ಸರಿಯೇ, ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ನಿಲ್ಲುತ್ತದೆ. ತೆಗೆದು ನೋಡಿ ಅಂದರೆ ಮಾತ್ರ ಎರಡರಿಂದ ನಾಲ್ಕು ವಾರ, ಕಟ್ಟುನಿಟ್ಟಾಗಿ. ಅರ್ಧಂಬರ್ಧ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಖೋವಾ, ಕಾಫಿ-ಟೀಗೆ ಹಾಕುವ ಹಾಲು ಎಲ್ಲರಿಗೂ ಹೊಳೆಯುತ್ತದೆ. ತಪ್ಪಿಹೋಗುವುದು ಇವು:

ತುಪ್ಪ. ಕಾಸಿದರೂ ಅದರಲ್ಲಿ ಪ್ರೋಟೀನಿನ ಅಂಶ ಸ್ವಲ್ಪ ಉಳಿಯುತ್ತದೆ. ಬಾಣಂತಿಗೆ ತುಪ್ಪ ಬೇಡ ಅಂದರೆ ಮನೆಯಲ್ಲಿ ದೊಡ್ಡ ಮಾತೇ ಆಗುತ್ತದೆ. ಆ ಕೆಲವು ವಾರಗಳಿಗೆ ಕೊಬ್ಬರಿ ಎಣ್ಣೆ ಅಥವಾ ಗಾಣದ ಕಡಲೆಕಾಯಿ ಎಣ್ಣೆ ಬಡಿಸಲಿ. ಬಾಳಕದ ಮೆಣಸಿನಕಾಯಿ: ಅದನ್ನು ನೆನೆಸುವುದೇ ಮಜ್ಜಿಗೆಯಲ್ಲಿ. ರವೆ ಇಡ್ಲಿ, ಮಜ್ಜಿಗೆ ಹುಳಿ, ಹೋಟೆಲಿನ ಬೆಣ್ಣೆ ದೋಸೆ. ಬೇಕರಿಯ ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು. ಒಬ್ಬಟ್ಟಿನ ಮೇಲೆ ಸವರಿದ ತುಪ್ಪ, ದೇವಸ್ಥಾನದ ಪಂಚಾಮೃತ ಮತ್ತು ಪೊಂಗಲ್. ಬಾಣಂತಿಗೆ ಶಕ್ತಿ ಬರಲಿ ಅಂತ ಕೊಡುವ ಪ್ರೋಟೀನ್ ಪುಡಿಗಳಲ್ಲಿ ಬಹಳಷ್ಟು ಹಾಲಿನಿಂದಲೇ ಮಾಡಿದವು. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಹಾಲಿನ ಘನಾಂಶ, ಹಾಲಿನ ಪುಡಿ, ವ್ಹೇ, ಕೇಸಿನ್ ಅಂತಿದ್ದರೆ ಅದೆಲ್ಲ ಹಾಲೇ.

ಊಟದಲ್ಲಿ ಉಳಿಯುವುದು ಕಡಿಮೆಯೇನಲ್ಲ. ಮುದ್ದೆ, ಬಸ್ಸಾರು, ಮಸ್ಸೊಪ್ಪು, ಉಪ್ಸಾರು, ಹುರುಳಿ ಸಾರು, ಕಾಲಕ್ಕೆ ಸರಿಯಾಗಿ ಅವರೆಕಾಳು, ಮೊಟ್ಟೆ, ಮಾಂಸ ತಿನ್ನುವವರಿಗೆ ಮಾಂಸ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳು, ನುಗ್ಗೆಸೊಪ್ಪಿನಲ್ಲೂ ಚೆನ್ನಾಗಿದೆ. ಆದರೂ ಹಾಲುಣಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ಬರೀ ಊಟದಲ್ಲಿ ಅಷ್ಟು ತುಂಬುವುದು ಕಷ್ಟ. ಹೆರಿಗೆಯಾದ ಆರು ತಿಂಗಳವರೆಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಿ, ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಸಸ್ಯಾಹಾರಿಗಳಾಗಿದ್ದರೆ ಬಿ12 ಮತ್ತು ಡಿ ವಿಟಮಿನ್ ಬಗ್ಗೆಯೂ ಕೇಳಿ.

"ಹಾಲು ಕುಡಿಯದಿದ್ರೆ ಎದೆಹಾಲು ಎಲ್ಲಿಂದ ಬರುತ್ತೆ?" ಅಂತ ಅತ್ತೆ ಕೇಳಿದರೆ ಸಮಾಧಾನವಾಗಿ ಹೇಳಿ: ಎದೆಹಾಲು ಬರುವುದು ಮಗು ಚೀಪುವುದರಿಂದ. ಮಗು ಎಷ್ಟು ಚೀಪುತ್ತದೋ ಅಷ್ಟು ಬರುತ್ತದೆ. ತಾಯಿಗೆ ಬೇಕಾಗಿರುವುದು ಹೊಟ್ಟೆತುಂಬ ಊಟ, ಬೇಕಾದಷ್ಟು ನೀರು.

ಈ ವಾರಗಳಲ್ಲಿ ಮಗುವಿಗೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಓಮದ ನೀರು, ಗ್ರೈಪ್ ವಾಟರ್ ಎಲ್ಲ ನಿಲ್ಲಿಸಿ. ಯಾವುದರಿಂದ ಏನಾಯಿತು ಅಂತ ತಿಳಿಯಬೇಕಲ್ವಾ? ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬೇಡಿ, ಅದರಿಂದ ಎಳೆಮಕ್ಕಳಿಗೆ ನರಗಳಿಗೆ ಹೊಡೆಯುವ ಬಾಟುಲಿಸಂ ಅನ್ನುವ ವಿಷಬಾಧೆ ಬರಬಹುದು.

ಹಂತ 6: ಡಬ್ಬಿ ಹಾಲು ಕುಡಿಯುವ ಮಗುವಾದರೆ

ವೈದ್ಯರು ಪ್ರೋಟೀನನ್ನು ಸಣ್ಣ ಸಣ್ಣ ಚೂರಾಗಿ ಒಡೆದು ಮಾಡಿದ ವಿಶೇಷ ಪುಡಿ ಬರೆಯುತ್ತಾರೆ. ತೀವ್ರವಾಗಿದ್ದರೆ ಅಮೈನೋ ಆಮ್ಲದ ಪುಡಿ, ಅಂದರೆ ಪ್ರೋಟೀನಿನ ಮೂಲ ಕಣಗಳಿಂದ ಮಾಡಿದ್ದು. "ಭಾಗಶಃ ಒಡೆದದ್ದು" ಅಂತ ಬರೆದಿರುವ ಪುಡಿ ಈ ಅಲರ್ಜಿಗೆ ಸಾಲದು. ಸೋಯಾ ಪುಡಿಯನ್ನು ಆರು ತಿಂಗಳೊಳಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

ಈ ಪುಡಿ ಕಹಿ. ವಾಸನೆಯೂ ಒಂಥರಾ. ಮಗು ಮೊದಲು ಮುಖ ಹಿಂಡುತ್ತದೆ, ಒಂದೆರಡು ದಿನ ತಾಳ್ಮೆಯಿಂದ ಕೊಡಿ. ಕಕ್ಕ ಹಸಿರಾಗುತ್ತದೆ, ಅದು ಸಹಜ. ಊರಿನ ಮೆಡಿಕಲ್ ಶಾಪಿನಲ್ಲಿ ಸಿಗದೇ ಇರಬಹುದು, ಡಬ್ಬಿ ಮುಗಿಯುವ ಮುಂಚೆಯೇ ಹೇಳಿ ತರಿಸಿಟ್ಟುಕೊಳ್ಳಿ. ಬೆಲೆ ಜಾಸ್ತಿ ಅಂತ ನೀರು ಹೆಚ್ಚು ಬೆರೆಸಬೇಡಿ. ಮಗು ಕುಡಿದಂತೆ ಕಾಣುತ್ತದೆ, ಆದರೆ ಒಳಗೇ ಸೊರಗುತ್ತದೆ. ದುಡ್ಡಿನ ತಾಪತ್ರಯ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಎದೆಹಾಲು ನಿಂತು ಹೆಚ್ಚು ದಿನ ಆಗಿರದಿದ್ದರೆ ಮತ್ತೆ ತರಿಸಬಹುದಾ ಅಂತಲೂ ಕೇಳಿ. ಎಷ್ಟೋ ತಾಯಂದಿರಿಗೆ ಅದು ಸಾಧ್ಯ.

ಈಗ ನಮ್ಮ ಕಡೆ ಎಲ್ಲರೂ ಕೇಳುವ ಮಾತು: ನಾಟಿ ಹಸುವಿನ ಹಾಲು ಆಗುತ್ತಾ? ಮೇಕೆ ಹಾಲು? ಎಮ್ಮೆ ಹಾಲು? ಆಗುವುದಿಲ್ಲ. ನಾಟಿ ಹಸುವಿನಲ್ಲೂ ಸೀಮೆಹಸುವಿನಲ್ಲೂ ಇರುವುದು ಅವೇ ಪ್ರೋಟೀನುಗಳು. ಮೇಕೆ, ಎಮ್ಮೆ ಹಾಲಿನ ಪ್ರೋಟೀನೂ ಹಸುವಿನದಕ್ಕೆ ತೀರಾ ಹತ್ತಿರ, ಒಂದು ಆಗದ ಮಗುವಿಗೆ ಬಹುಪಾಲು ಇನ್ನೊಂದೂ ಆಗುವುದಿಲ್ಲ. ಕತ್ತೆ ಹಾಲು ಮಾರುವವರು ಬೀದಿಗೆ ಬಂದಾಗ ಎರಡು ಚಮಚ ಕುಡಿಸುವ ರೂಢಿ ಇದೆ. ಹಸಿ ಹಾಲು, ಸೋಂಕಿನ ಭಯ ಇದ್ದೇ ಇದೆ, ಕೊಬ್ಬೂ ಕಡಿಮೆ, ಬೇಡ. ಮನೆಯಲ್ಲಿ ಮಾಡಿದ ರಾಗಿ ಹಾಲು, ಬಾದಾಮಿ ಹಾಲು, ತೆಂಗಿನ ಹಾಲು ಒಂದು ವರ್ಷದೊಳಗೆ ಎದೆಹಾಲಿನ ಜಾಗ ತುಂಬಲಾರವು.

ಹಂತ 7: ಮತ್ತೆ ಕೊಟ್ಟು ನೋಡುವುದು

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ರಕ್ತ ನಿಂತಿತಲ್ಲ, ಸುಮ್ನೆ ಯಾಕೆ ಕೆಣಕುವುದು ಅಂತ. ಆದರೆ ರಕ್ತ ತಾನಾಗಿಯೇ ನಿಂತಿದ್ದರೆ ತಾಯಿ ಕಾರಣವಿಲ್ಲದೆ ತಿಂಗಳುಗಟ್ಟಲೆ ಪಥ್ಯ ಮಾಡಿದಂತಾಗುತ್ತದೆ, ಮಗುವಿಗೂ ಇಲ್ಲದ ಅಲರ್ಜಿಯ ಹಣೆಪಟ್ಟಿ ಅಂಟುತ್ತದೆ.

ಸೌಮ್ಯ ರೂಪವಾದರೆ, ವೈದ್ಯರ ಒಪ್ಪಿಗೆ ಪಡೆದು, ತಾಯಿ ಒಂದು ವಾರ ಮೊದಲಿನಂತೆ ಹಾಲು-ಮೊಸರು ತಿನ್ನಲಿ. ನೋಟ್‌ಬುಕ್ ತೆರೆದೇ ಇರಲಿ. ಲಕ್ಷಣ ಮರಳಿ ಬಂದರೆ ಅಲರ್ಜಿ ಖಚಿತ, ಮತ್ತೆ ನಿಲ್ಲಿಸಿ. ಬರದಿದ್ದರೆ ಪಥ್ಯ ಮುಗಿಯಿತು, ಎಲ್ಲ ತಿನ್ನಿ.

ನಾಲ್ಕು ವಾರ ತೆಗೆದರೂ ಏನೂ ಬದಲಾಗಲಿಲ್ಲವಾ? ಹಾಲನ್ನು ಊಟಕ್ಕೆ ಮರಳಿ ಸೇರಿಸಿ, ವೈದ್ಯರನ್ನು ಕಾಣಿ. ಹಾಲು ನಿಲ್ಲಿಸಿದ ಮೇಲೆ ಮೊಟ್ಟೆ, ಅದರ ಮೇಲೆ ಗೋಧಿ ಅಂತ ನೀವೇ ಪೇರಿಸುತ್ತ ಹೋಗಬೇಡಿ.

ಎಚ್ಚರಿಕೆ: ಎಫ್‌ಪೈಸ್ ಆಗಿದ್ದ ಮಗುವಿಗೆ, ತಕ್ಷಣದ ಅಲರ್ಜಿ ಆಗಿದ್ದ ಮಗುವಿಗೆ ಮನೆಯಲ್ಲಿ ಕೊಟ್ಟು ನೋಡಲೇಬಾರದು, ಆಸ್ಪತ್ರೆಯಲ್ಲೇ ಆಗಬೇಕು. ಜೋರಾಗಿ ಇಸಬು, ಅಂದರೆ ಕೆರೆತದ ಚರ್ಮರೋಗ ಇರುವ ಮಕ್ಕಳಿಗೂ ಮೊದಲು ವೈದ್ಯರನ್ನು ಕೇಳಿ. ಹೆಚ್ಚು ಕಾಲ ಹಾಲು ಬಿಟ್ಟಿದ್ದ ಅಂಥ ಮಕ್ಕಳಲ್ಲಿ ಕೆಲವೊಮ್ಮೆ ತಕ್ಷಣದ ಅಲರ್ಜಿ ಹುಟ್ಟಿಕೊಂಡಿರುತ್ತದೆ.

ಹಂತ 8: ಆರು ತಿಂಗಳಿಗೆ ಊಟ ಶುರು

ಅಲರ್ಜಿ ಇದೆ ಅಂತ ಮೇಲೂಟವನ್ನು ಮುಂದೆ ಹಾಕಬೇಡಿ. ರಾಗಿ ಸರಿಯನ್ನು ಹಾಲಿಲ್ಲದೆ ಮಾಡುವುದು ಸುಲಭ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು ಬೀಸಿ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ತಿರುವುತ್ತ ಬೇಯಿಸಿ. ಇಳಿಸಿದ ಮೇಲೆ ತುಪ್ಪದ ಬದಲು ಅರ್ಧ ಚಮಚ ಕೊಬ್ಬರಿ ಎಣ್ಣೆ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಬೇಕು, ನೀರಿನಂತೆ ಸುರಿಯಬಾರದು.

ಆದರೆ ಸರಿ ಹಿಟ್ಟಿಗೆ ಗೋಧಿ, ಹೆಸರುಕಾಳು, ಬಾದಾಮಿ, ಗೋಡಂಬಿ, ಕಡಲೆ ಎಲ್ಲ ಸೇರಿಸಿ ಒಟ್ಟಿಗೆ ಬೀಸುತ್ತೇವೆ ನೋಡಿ, ಅದನ್ನು ಈಗ ಮಾಡಬೇಡಿ. ಏನಾದರೂ ಆದರೆ ಹತ್ತರಲ್ಲಿ ಯಾವುದು ಅಂತ ಹುಡುಕುತ್ತೀರಿ? ಮೊದಲು ಬರೀ ರಾಗಿ. ಮೂರು-ನಾಲ್ಕು ದಿನ ಬಿಟ್ಟು ಹೆಸರುಬೇಳೆ ಕಟ್ಟು. ಹೀಗೆ ಒಂದೊಂದಾಗಿ. ಹೊಸದನ್ನು ಬೆಳಗ್ಗೆ ಕೊಡಿ. ಎಫ್‌ಪೈಸ್ ವಾಂತಿ ಗಂಟೆಗಳ ಮೇಲೆ ಬರುವುದರಿಂದ ರಾತ್ರಿ ಕೊಟ್ಟರೆ ನಡುರಾತ್ರಿ ವಾಹನ ಹುಡುಕಬೇಕಾಗುತ್ತದೆ. ಹಾಲಿಗೆ ಎಫ್‌ಪೈಸ್ ಆಗಿದ್ದ ಮಗುವಿಗೆ ಅಕ್ಕಿ ಗಂಜಿ ಯಾವಾಗ, ಹೇಗೆ ಅಂತ ವೈದ್ಯರನ್ನೇ ಕೇಳಿ. ಅಂಗಡಿಯ ಮಕ್ಕಳ ಸಿರಿಲ್ಯಾಕ್ ಬಗೆಯ ಪುಡಿಗಳಲ್ಲಿ ಹಲವಕ್ಕೆ ಹಾಲಿನ ಪುಡಿ ಹಾಕಿರುತ್ತಾರೆ. ಅಂಗನವಾಡಿಯಲ್ಲಿ ಕೊಡುವ ಪ್ಯಾಕೆಟ್ಟನ್ನೂ ಓದಿ ನೋಡಿ.

ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ಕಡಲೆಕಾಯಿ ಪೇಸ್ಟನ್ನು ಹೆದರಿ ವರ್ಷಗಟ್ಟಲೆ ತಡೆಯಬೇಡಿ. ತಡಮಾಡಿದರೆ ಅಲರ್ಜಿ ತಪ್ಪುವುದಿಲ್ಲ, ಕಡಲೆಕಾಯಿಯ ವಿಷಯದಲ್ಲಂತೂ ಬೇಗ ಕೊಟ್ಟರೇ ಒಳ್ಳೆಯದು ಅಂತ ಗೊತ್ತಾಗಿದೆ. ಈಗಾಗಲೇ ಇಸಬು ಅಥವಾ ಇನ್ನೊಂದು ಅಲರ್ಜಿ ಇರುವ ಮಗುವಾದರೆ ವೈದ್ಯರನ್ನು ಕೇಳಿ ಶುರುಮಾಡಿ. ಇಡೀ ಕಾಳು ಮಾತ್ರ ಬೇಡ, ಉಸಿರ್ನಾಳಕ್ಕೆ ಸಿಕ್ಕುತ್ತದೆ.

ಹಂತ 9: ಹಾಲಿಗೆ ಮರಳುವುದು

ಇದು ಜನ್ಮಕ್ಕೆ ಅಂಟಿದ ಕಾಯಿಲೆ ಅಲ್ಲ. ಸೌಮ್ಯ ರೂಪದ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷದ ಹೊತ್ತಿಗೆ, ಉಳಿದವರಲ್ಲಿ ಬಹಳಷ್ಟು ಮಂದಿ ಮೂರು ವರ್ಷದೊಳಗೆ ಹಾಲನ್ನು ತಾಳಿಕೊಳ್ಳುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಬಿಟ್ಟ ಮೇಲೆ, ಅಥವಾ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳಾದಾಗ ವೈದ್ಯರು ಮತ್ತೆ ಶುರುಮಾಡಿಸುತ್ತಾರೆ. ಚೆನ್ನಾಗಿ ಬೆಂದ ಹಾಲು ಮೊದಲು, ಹಸಿಯದಕ್ಕೆ ಹತ್ತಿರವಾದದ್ದು ಕೊನೆಗೆ. ಹಾಲು ಸೇರಿದ ಬಿಸ್ಕತ್ತಿನ ಒಂದು ಚೂರು, ಆಮೇಲೆ ಪೂರ್ತಿ ಬಿಸ್ಕತ್ತು, ಬನ್ನು, ಹಾಲು ಹಾಕಿ ಬೇಯಿಸಿದ ಸರಿ, ಮೊಸರು, ಕೊನೆಗೆ ಲೋಟದ ಹಾಲು. ಪ್ರತಿ ಮೆಟ್ಟಿಲಲ್ಲೂ ಕೆಲವು ದಿನ ನಿಲ್ಲಿ. ತೊಂದರೆ ಕಂಡರೆ ಒಂದು ಮೆಟ್ಟಿಲು ಕೆಳಗಿಳಿದು ಕಾಯಿರಿ. ಜ್ವರ, ಭೇದಿ ಇರುವಾಗ, ಲಸಿಕೆ ಹಾಕಿಸಿದ ಮಾರನೆಯ ದಿನ ಹೊಸ ಮೆಟ್ಟಿಲು ಹತ್ತಬೇಡಿ.

ಲಸಿಕೆಗಳನ್ನು ಅಲರ್ಜಿ ಅಂತ ತಪ್ಪಿಸಬೇಡಿ. ಮೊಟ್ಟೆ ಆಗದ ಮಕ್ಕಳಿಗೂ ದಡಾರ-ರುಬೆಲ್ಲಾ ಲಸಿಕೆ ಹಾಕಬಹುದು. ಲಸಿಕೆಯ ದಿನ ಆಶಾ ಕಾರ್ಯಕರ್ತೆಗೆ, ಮುಂದೆ ಮಗು ಅಂಗನವಾಡಿಗೆ ಹೋಗುವಾಗ ಅಲ್ಲಿನ ಕಾರ್ಯಕರ್ತೆಗೆ, ಮಗು ಏನು ತಿನ್ನಬಾರದು, ತಿಂದರೆ ಏನಾಗುತ್ತದೆ, ಆಗ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಕೊಡಿ. ಅದರ ಇನ್ನೊಂದು ಪ್ರತಿ ತಾಯಿ ಕಾರ್ಡಿನ ಒಳಗೆ ಇರಲಿ. ಮಗು ಹಾಲಿಗೆ ಮರಳಿದ ದಿನ ಎರಡೂ ಹಾಳೆಗಳನ್ನು ಬದಲಿಸಿ, ಇಲ್ಲದಿದ್ದರೆ ಹಳೆಯ ಹಾಳೆ ನೋಡಿ ಯಾರೋ ಮಗುವಿನ ತಟ್ಟೆಯಿಂದ ಮೊಸರನ್ನು ಎತ್ತಿಡುತ್ತಲೇ ಇರುತ್ತಾರೆ.